ಮಳೆಗೆ ಮುಂಚೆ ಹೆಂಚು ಕೈಯಾಡಿಸುವವರು

ಏಪ್ರಿಲ್ ಕೊನೆಗೆ ಭರಣಿ ಮಳೆ ಹುಟ್ಟುತ್ತದೆ. ಅಷ್ಟರೊಳಗೆ ಹೆಂಚು ಕೈಯಾಡಿಸಿ ಮುಗಿಸಿರಬೇಕು ಎನ್ನುವುದು ಮಾಗಡಿ, ಕುಣಿಗಲ್, ರಾಮನಗರ, ಕನಕಪುರದ ಕಡೆಯ ಹಳೆಯ ಲೆಕ್ಕ. ಒಬ್ಬ ಸೂರು ಹತ್ತಿ ಒಡೆದ ಹೆಂಚು ತೆಗೆದು ಕೆಳಕ್ಕೆ ಕೊಡಬೇಕು. ಜರುಗಿದ್ದನ್ನು ಸಾಲಿಗೆ ತರಬೇಕು, ಹುಳು ಹಿಡಿದ ರೀಪು ಕಿತ್ತು ಹೊಸದು ಬಡಿಯಬೇಕು, ಕೋತಿಗಳು ಹಾಳುಗೆಡವಿದ ಜಾಗಕ್ಕೆ ಬೇರೆ ಹೆಂಚು ಹೊಂದಿಸಬೇಕು. ಸಣ್ಣ ಮನೆಯಾದರೆ ನಾಲ್ಕು ಗಟ್ಟಿ ಆಳು ಸೇರಿ ಸಂಜೆಯೊಳಗೆ ಮುಗಿಸಬಹುದಾದ ಕೆಲಸ. ಆ ನಾಲ್ಕು ಆಳು ಈಗ ಊರಲ್ಲಿಲ್ಲ.

ಒಬ್ಬ ಪೀಣ್ಯದ ಲೇತ್ ಮುಂದೆ ನಿಂತಿದ್ದಾನೆ, ಇನ್ನೊಬ್ಬ ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಯಲ್ಲಿದ್ದಾನೆ. ಮಗಳು ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ಅಳಿಯ ವಿಜಯನಗರದಲ್ಲಿ ಆಟೋ ಓಡಿಸುತ್ತಾನೆ. ಪಶ್ಚಿಮ ಬೆಂಗಳೂರು ಬೆಳೆದದ್ದೇ ಹೀಗೆ ಬಂದವರಿಂದ. ಮಾಗಡಿ ರಸ್ತೆ, ಮೈಸೂರು ರಸ್ತೆ, ತುಮಕೂರು ರಸ್ತೆ ಹಿಡಿದು ಜನ ಬಂದರು. ರಾಜಾಜಿನಗರದ ಕೈಗಾರಿಕಾ ಬಡಾವಣೆ ಅವರಿಗೆ ಕೆಲಸ ಕೊಟ್ಟಿತು, ಬಸವೇಶ್ವರನಗರದ ಅಂಚಿನ ವಠಾರಗಳು ಬಾಡಿಗೆ ಮನೆ ಕೊಟ್ಟವು. ಊರಲ್ಲಿ ಉಳಿದದ್ದು ಅಪ್ಪ, ಅಮ್ಮ, ಹೆಂಚಿನ ಮನೆ. ಯುಗಾದಿಗೋ ಊರ ಹಬ್ಬಕ್ಕೋ ಹೋದ ಮಗ ಒಂದು ಪ್ಲಾಸ್ಟಿಕ್ ಟಾರ್ಪಾಲು ಎಳೆದು ಕಲ್ಲು ಹೇರಿ ಬರುತ್ತಾನೆ. ಎರಡು ಬೇಸಿಗೆ ಕಳೆಯುವುದರಲ್ಲಿ ಬಿಸಿಲಿಗೆ ಟಾರ್ಪಾಲು ಚಿಂದಿಯಾಗುತ್ತದೆ.

ಹಿಂದೆ ಇದಕ್ಕೊಂದು ಏರ್ಪಾಡಿತ್ತು. ಈ ಸೀಮೆಯಲ್ಲಿ ಮುಯ್ಯಾಳು ಎನ್ನುತ್ತಿದ್ದರು: ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕಳೆ, ಕೊಯ್ಲಿಗೆ ಮಾತ್ರವಲ್ಲ, ಮನೆಯ ಸೂರಿಗೂ ಅದೇ ಲೆಕ್ಕ ನಡೆಯುತ್ತಿತ್ತು. ಮಲೆನಾಡಿನಲ್ಲಿ ವರ್ಷವರ್ಷ ಅಡಿಕೆ ಸೋಗೆ ಹೊದಿಸುವಾಗಲೂ, ಚಿತ್ರದುರ್ಗದ ಕಡೆ ಮಾಳಿಗೆಗೆ ಕರಲು ಮಣ್ಣು ಹಾಕುವಾಗಲೂ ನೆರೆಹೊರೆಯವರು ಬರುತ್ತಿದ್ದರು. ಕೂಲಿ ಇರಲಿಲ್ಲ, ಊಟ ಇತ್ತು. ಆ ಏರ್ಪಾಡಿನಲ್ಲಿ ಎಲ್ಲರಿಗೂ ಜಾಗವಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮುಯ್ಯಿ ತೀರಿಸಲು ಆಳಿಲ್ಲದ ವಿಧವೆಗೂ ಕೇರಿಯಾಚೆಯ ಮನೆಗೂ ಅದು ತಲುಪುತ್ತಿದ್ದದ್ದು ಅಷ್ಟಕ್ಕಷ್ಟೇ. ಈಗ ಅದೂ ಹೋಗಿ, ಎಲ್ಲವೂ ದಿನಗೂಲಿಯ ಮೇಲೆ ನಿಂತಿದೆ.

ಈ ತೆರವಿನಲ್ಲಿ ಒಂದು ವಿಚಿತ್ರ ತಿರುಗು ಪಯಣ ಕಾಣುತ್ತದೆ. ಕೆಲಸ ಹುಡುಕಿ ಜನ ಬಂದ ಅದೇ ರಸ್ತೆಗಳಲ್ಲಿ ನಗರದ ಹುಡುಗ ಹುಡುಗಿಯರು ಗುಂಪಾಗಿ ಹಳ್ಳಿಗೆ ಹೋಗುತ್ತಾರೆ, ಬೆನ್ನಿಗೆ ಬ್ಯಾಗು, ಕೈಯಲ್ಲಿ ಬಣ್ಣದ ಡಬ್ಬ. ಕೆಲವರು ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯವರು, ಕೆಲವರು ಕಂಪನಿಗಳವರು. ಇನ್ನು ಕೆಲವರು ಚರ್ಚುಗಳಿಂದ ಹೊರಟವರು. ಕಥೋಲಿಕರಲ್ಲಿ ಧರ್ಮಕೇಂದ್ರದ ಯುವಜನರ ಸಂಘ, ಪ್ರೊಟೆಸ್ಟೆಂಟರ ಸಿ.ಎಸ್.ಐ. ಸಭೆಗಳಲ್ಲಿ ಯೌವನಸ್ಥರ ಕೂಟ ಎಂದು ಇವಕ್ಕೆ ಹೆಸರು. ಭಾನುವಾರ ಪೂಜೆಯೋ ಆರಾಧನೆಯೋ ಮುಗಿದ ಮೇಲೆ ಹಾಡಿನ ಅಭ್ಯಾಸ, ಕ್ರಿಸ್ಮಸ್‌ಗೆ ಗೋದಲಿ, ಕ್ಯಾರಲ್, ಕ್ರಿಕೆಟ್ ಪಂದ್ಯ ಇವುಗಳ ಮಾಮೂಲಿ ಚಟುವಟಿಕೆ. ಅದರ ನಡುವೆ ತಪಸ್ಸುಕಾಲ ಬರುತ್ತದೆ. ಫೆಬ್ರವರಿ, ಮಾರ್ಚ್‌ನಿಂದ ಏಪ್ರಿಲ್‌ವರೆಗೆ ಹರಡುವ, ಉಪವಾಸ ಮತ್ತು ದಾನದ ಆ ನಲವತ್ತು ದಿನಗಳು ಹೆಂಚು ಕೈಯಾಡಿಸುವ ಕಾಲಕ್ಕೆ ಸರಿಯಾಗಿ ಕೂಡಿಬರುತ್ತವೆ. ಚರ್ಚಿನ ಕ್ಯಾಲೆಂಡರನ್ನೂ ಮಳೆ ನಕ್ಷತ್ರಗಳನ್ನೂ ಯಾರೂ ಬೇಕೆಂದು ಹೊಂದಿಸಿದ್ದಲ್ಲ. ಆದರೂ ಇಷ್ಟು ಅನುಕೂಲದ ಹೊಂದಾಣಿಕೆ ಇನ್ನೊಂದಿಲ್ಲ.

ಯುವಕರು ಗುಂಪು ಕಟ್ಟಿಕೊಂಡು ಬಡವರ ಮನೆ ಬಾಗಿಲಿಗೆ ಹೋಗುವ ಪದ್ಧತಿ ಚರ್ಚಿಗೆ ಹಳೆಯದು. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಜನಾಂ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ಗೆಳೆಯರೊಂದಿಗೆ ಸೇರಿ ಸಂತ ವಿನ್ಸೆಂಟ್ ದೆ ಪೌಲ್ ಸಂಘ ಕಟ್ಟಿದ. ಯಾವ ಮನೆಗೆ ಹೋಗಬೇಕು, ಹೋದಾಗ ಹೇಗೆ ನಡೆದುಕೊಳ್ಳಬೇಕು ಎಂದು ಆ ಹುಡುಗರಿಗೆ ಕಲಿಸಿದವರು ಕೊಳೆಗೇರಿಗಳಲ್ಲಿ ಕೆಲಸ ಮಾಡುತ್ತಿದ್ದ ಸಿಸ್ಟರ್ ರೋಸಲಿ ರೆಂಡು. ಕಚೇರಿಯಲ್ಲಿ ಕೂತು ಹಣ ಹಂಚಬೇಡಿ, ಮನೆಗೆ ಹೋಗಿ ನೋಡಿ ಎಂಬುದು ಆ ಸಂಘದ ಮೊದಲ ಪಾಠ. ಇಂದಿಗೂ ಕಥೋಲಿಕ ಧರ್ಮಕೇಂದ್ರಗಳಲ್ಲಿ ಯಾವ ಮನೆ ಸೋರುತ್ತಿದೆ ಎಂಬ ಸುದ್ದಿ ಮೊದಲು ಮುಟ್ಟುವುದು ಸಾಮಾನ್ಯವಾಗಿ ಈ ವಿನ್ಸೆಂಟ್ ಸಂಘದ ಹಿರಿಯರಿಗೇ.

ಕೈಯಲ್ಲಿ ಸನಿಕೆ ಹಿಡಿದ ಶಿಬಿರಗಳ ಕಥೆ ಬೇರೆ. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಪಿಯೆರ್ ಸೆರೆಸೋಲ್ ಎಂಬ ಸ್ವಿಸ್ ಎಂಜಿನಿಯರ್ ಫ್ರಾನ್ಸಿನ ವರ್ಡನ್ ಬಳಿಯ ಎನ್ ಎಂಬ ಹಳ್ಳಿಗೆ ಒಂದು ಗುಂಪು ಕರೆದುಕೊಂಡು ಹೋದ. ಯುದ್ಧದಲ್ಲಿ ಊರು ನೆಲಸಮವಾಗಿತ್ತು. ಗುಂಪಿನಲ್ಲಿ ಜರ್ಮನರೂ ಇದ್ದರು. ಶತ್ರುವಾಗಿದ್ದವನೇ ಬಂದು ಮನೆ ಕಟ್ಟಿಕೊಟ್ಟರೆ ದ್ವೇಷ ಕರಗೀತು ಎಂಬುದು ಅವನ ಎಣಿಕೆ. ಮನೆಗಳು ಎದ್ದವು, ಎಣಿಕೆ ಮಾತ್ರ ಕೈಕೊಟ್ಟಿತು. ಜರ್ಮನರನ್ನು ಸಹಿಸಲು ಸ್ಥಳೀಯರು ಸಿದ್ಧರಿರಲಿಲ್ಲ, ಕೆಲವೇ ತಿಂಗಳಲ್ಲಿ ಶಿಬಿರ ಎತ್ತಬೇಕಾಯಿತು. ಇಂಥ ಶಿಬಿರಗಳ ಇತಿಹಾಸ ಶುರುವಾಗುವುದೇ ಊರು ಬೇಡವೆಂದ ಒಂದು ಪ್ರಸಂಗದಿಂದ. ಈ ಮಾತನ್ನು ಶಿಬಿರ ನಡೆಸುವವರು ಯಾರೂ ಹೆಚ್ಚಾಗಿ ಹೇಳಿಕೊಳ್ಳುವುದಿಲ್ಲ, ಹೇಳಿಕೊಳ್ಳಬೇಕಾದ ಮಾತು ಮಾತ್ರ ಅದೇ. ಸೆರೆಸೋಲ್ ಬಿಡಲಿಲ್ಲ. 1934ರ ಜನವರಿಯಲ್ಲಿ ಬಿಹಾರದಲ್ಲಿ ಭಾರಿ ಭೂಕಂಪವಾದಾಗ ಭಾರತಕ್ಕೆ ಬಂದ, ಗಾಂಧೀಜಿಯನ್ನು ಕಂಡ, ರಾಜೇಂದ್ರ ಪ್ರಸಾದರ ಪರಿಹಾರ ಕಾರ್ಯದ ಜೊತೆ ಸೇರಿ ಮುಜಫ್ಫರ್‌ಪುರದ ಕಡೆ ಹಳ್ಳಿಗಳನ್ನು ಮತ್ತೆ ಕಟ್ಟುವ ಕೆಲಸಕ್ಕೆ ಇಳಿದ.

ಕಟ್ಟುವುದನ್ನು ಬಿಟ್ಟು ದುರಸ್ತಿಯನ್ನೇ ಹಿಡಿದವರೂ ಇದ್ದಾರೆ. ಅಮೆರಿಕದ ಅಪಲಾಚಿಯಾ ಬೆಟ್ಟಸಾಲು ಕಲ್ಲಿದ್ದಲ ಗಣಿಗಳ ಬಡ ಸೀಮೆ. 1969ರ ಬೇಸಿಗೆಯಲ್ಲಿ ಟೆಕ್ಸ್ ಇವಾನ್ಸ್ ಎಂಬ ಮೆಥಡಿಸ್ಟ್ ಪಾದ್ರಿ ಚರ್ಚಿನ ಹದಿಹರೆಯದವರೂ ಹಿರಿಯರೂ ಸೇರಿದ 50 ಮಂದಿಯನ್ನು ಕೆಂಟಕಿಯ ಬಾರ್ಬರ್‌ವಿಲ್‌ಗೆ ಕರೆದೊಯ್ದ. ಆ ಬೇಸಿಗೆಯಲ್ಲಿ ಅವರು ಸರಿಪಡಿಸಿದ್ದು 4 ಮನೆ. ಅಪಲಾಚಿಯಾ ಸರ್ವಿಸ್ ಪ್ರಾಜೆಕ್ಟ್ ಹುಟ್ಟಿದ್ದು ಹಾಗೆ, ಇಂದಿಗೂ ಪ್ರತಿ ಬೇಸಿಗೆ ಅದು ನಡೆಯುತ್ತಿದೆ. ಅವರ ಗುರಿ ಚಿಕ್ಕದು: ಮನೆ ಬೆಚ್ಚಗಿರಲಿ, ಒಣಗಿರಲಿ, ಅಪಾಯವಿಲ್ಲದಿರಲಿ. ಚೆಂದವಾಗಲಿ ಎನ್ನುವುದು ಆ ಪಟ್ಟಿಯಲ್ಲಿಲ್ಲ.

ಅದೇ 1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಮಾನೋತ್ಸವದ ವರ್ಷದಲ್ಲಿ, ಭಾರತದಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಶುರುವಾಯಿತು. 37 ವಿಶ್ವವಿದ್ಯಾಲಯ, 40,000 ವಿದ್ಯಾರ್ಥಿಗಳು. ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಹಳ್ಳಿಯಲ್ಲಿ ಏಳು ದಿನದ ಶಿಬಿರ. ಚರಂಡಿ ತೆಗೆದ, ಗಿಡ ನೆಟ್ಟ, ಶಾಲೆಯ ಗೋಡೆಗೆ ಸುಣ್ಣ ಬಳಿದ, ರಾತ್ರಿ ಬೀದಿ ನಾಟಕ ಆಡಿದ ನೆನಪು ಎಷ್ಟೋ ಕನ್ನಡಿಗರಿಗೆ ಈ ಶಿಬಿರಗಳಿಂದಲೇ ಬಂದದ್ದು. ಆದರೆ ಶಿಬಿರದ ಶ್ರಮದಾನ ಸಾಮಾನ್ಯವಾಗಿ ಶಾಲೆ, ಗುಡಿ, ಕೆರೆ ಏರಿ, ರಸ್ತೆ ಎಂದು ಸಾರ್ವಜನಿಕ ಜಾಗದಲ್ಲೇ ನಿಲ್ಲುತ್ತದೆ. ಒಬ್ಬರ ಮನೆಯೊಳಗೆ ಕಾಲಿಡುವುದು ಬೇರೆ ವಿಷಯ. ಅಡುಗೆಮನೆ ಕಾಣುತ್ತದೆ, ಹಾಸಿಗೆ ಕಾಣುತ್ತದೆ, ಬಡತನ ಪೂರ್ತಿ ಕಾಣುತ್ತದೆ. ಅದಕ್ಕೆ ಪರಿಚಯ ಬೇಕು, ನಂಬಿಕೆ ಬೇಕು. ಚರ್ಚಿನ ಜಾಲಕ್ಕೆ ಇರುವ ಅನುಕೂಲ ಅದೇ. ಬೆಂಗಳೂರು ಮಹಾಧರ್ಮಪ್ರಾಂತ್ಯದ ವ್ಯಾಪ್ತಿ ನಗರಕ್ಕೆ ಮುಗಿಯುವುದಿಲ್ಲ. ರಾಮನಗರ, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಸೀಮೆಗಳೂ ಅದರೊಳಗೆ ಬರುತ್ತವೆ. ಕನಕಪುರ ತಾಲ್ಲೂಕಿನ ಹಾರೋಬೆಲೆಯಂಥ ಹಳೆಯ ಕ್ರೈಸ್ತ ಹಳ್ಳಿಗೂ ವಿಜಯನಗರದ ಒಂದು ಧರ್ಮಕೇಂದ್ರಕ್ಕೂ ಮೇಲಿನ ಧರ್ಮಾಧ್ಯಕ್ಷರು ಒಬ್ಬರೇ. ಹಳ್ಳಿಯ ಗುರುಗಳಿಗೆ ಒಂದು ಫೋನು ಮಾಡಿದರೆ ಊರಿನ ಬಾಗಿಲು ತೆರೆಯುತ್ತದೆ.

ತೆರೆದ ಮೇಲೆ ಮಾಡುವುದೇನು ಎಂಬಲ್ಲಿ ಕಷ್ಟ ಶುರುವಾಗುತ್ತದೆ.

ನಗರದ ಗುಂಪುಗಳಿಗೆ ಮೊದಲು ಹೊಳೆಯುವುದು ಬಣ್ಣ. ಬಣ್ಣ ಬಳಿದರೆ ಫೋಟೋದಲ್ಲಿ ಮುಂಚೆ ಹೇಗಿತ್ತು, ಆಮೇಲೆ ಹೇಗಾಯಿತು ಎಂದು ತೋರಿಸಬಹುದು. ಬಣ್ಣದ ನಂತರ ಹೊಳೆಯುವುದು ಸಿಮೆಂಟು. ಮಣ್ಣಿನ ಗೋಡೆ ಉದುರುತ್ತಿದೆಯೇ, ಎರಡು ಚೀಲ ಸಿಮೆಂಟು ತಂದು ಗಿಲಾವು ಮಾಡಿಬಿಡೋಣ. ಕಾಣುವುದಕ್ಕೆ ಗಟ್ಟಿ, ಮನೆಯವರಿಗೂ ಸಂತೋಷ. ಆದರೆ ಮಣ್ಣಿನ ಗೋಡೆ ನೆಲದಿಂದ ತೇವ ಹೀರುತ್ತದೆ, ಮೈಮೇಲಿಂದ ಬಿಡುತ್ತದೆ. ಸಿಮೆಂಟಿನ ಪದರ ಆ ದಾರಿ ಕಟ್ಟುತ್ತದೆ. ಒಳಗೆ ಸಿಕ್ಕ ತೇವ ಗೋಡೆಯನ್ನು ಮೆತ್ತಗೆ ಮಾಡುತ್ತದೆ. ಮಣ್ಣು ಹಿಗ್ಗಿ ಕುಗ್ಗುವ ರೀತಿಯೇ ಬೇರೆ, ಸಿಮೆಂಟಿನದೇ ಬೇರೆಯಾದ್ದರಿಂದ ಎರಡರ ನಡುವಿನ ಹಿಡಿತ ಬಿಡುತ್ತದೆ. ಒಂದೆರಡು ಮಳೆಗಾಲ ಕಳೆದ ಮೇಲೆ ಗಿಲಾವು ಹಪ್ಪಳದಂತೆ ಎದ್ದು, ತನ್ನ ಜೊತೆ ಒಂದಿಷ್ಟು ಗೋಡೆಯನ್ನೂ ಕಿತ್ತುಕೊಂಡು ಬೀಳುತ್ತದೆ. ಒಳ್ಳೆಯ ಮನಸ್ಸಿನಿಂದ ಬಂದವರು ಮನೆಯನ್ನು ಮುಂಚೆಗಿಂತ ಹಾಳುಮಾಡಿ ಹೋದಂತಾಯಿತು. ಮಣ್ಣಿನ ಗೋಡೆಗೆ ಬೇಕಾದದ್ದು ಹುಲ್ಲು ಬೆರೆಸಿ ಕೊಳೆಹಾಕಿ ತುಳಿದ ಮಣ್ಣಿನದೇ ಮೆತ್ತು, ಮೇಲೆ ಸುಣ್ಣ. ಇದು ಊರಿನ ಹೆಂಗಸರಿಗೆ ಗೊತ್ತಿರುವಷ್ಟು ಎಂಜಿನಿಯರಿಂಗ್ ಓದುವ ಹುಡುಗರಿಗೆ ಗೊತ್ತಿಲ್ಲ.

ಅನುಭವಿ ಗಾರೆ ಕೆಲಸದವರು ಸೋರುವ ಮನೆಯನ್ನು ನೋಡುವ ಕ್ರಮ ಬೇರೆ. ಮೊದಲು ಮೇಲಿನ ನೀರು, ಆಮೇಲೆ ಕೆಳಗಿನ ನೀರು, ಗೋಡೆ ಕೊನೆಗೆ. ಮೇಲಿನ ನೀರೆಂದರೆ ಹೆಂಚು, ರೀಪು, ಜಂತೆ, ನೆತ್ತಿಯ ಸಾಲು. ಎಷ್ಟೋ ಸಲ ಹೆಂಚು ಒಂದೂ ಒಡೆದಿರುವುದಿಲ್ಲ, ಗೆದ್ದಲು ತಿಂದ ಜಂತೆ ಒಂದು ಕಡೆ ಬಾಗಿ, ಸಾಲು ಹಳ್ಳ ಬಿದ್ದು, ಸಂದಿಯಲ್ಲಿ ನೀರು ನುಗ್ಗುತ್ತಿರುತ್ತದೆ. ಅಲ್ಲಿ ಹೊಸ ಹೆಂಚು ಎಷ್ಟು ಹಾಕಿದರೂ ದಂಡ. ಕೆಳಗಿನ ನೀರೆಂದರೆ ಸೂರಿನಿಂದ ಬಿದ್ದದ್ದು ಸಿಡಿದು ಗೋಡೆಯ ಬುಡ ಕೊರೆಯುವುದು, ಹಿತ್ತಿಲ ಬಚ್ಚಲ ನೀರು ಪಾಯದ ಪಕ್ಕ ನಿಲ್ಲುವುದು. ಗೋಡೆಯ ಸುತ್ತ ಒಂದಡಿ ಕಲ್ಲು ಚಪ್ಪಡಿ ಹಾಸಿ, ನೀರು ಓಡಲು ಒಂದು ಕಾಲುವೆ ತೆಗೆದರೆ ಮನೆಯ ಆಯಸ್ಸು ಹೆಚ್ಚುತ್ತದೆ. ಸನಿಕೆ, ಹಾರೆ, ಬಾಂಡಲಿ ಸಾಕು. ಕಾಲೇಜು ಹುಡುಗರಿಗೆ ಹೇಳಿ ಮಾಡಿಸಿದ ಕೆಲಸ, ಆದರೆ ಫೋಟೋದಲ್ಲಿ ಏನೂ ಕಾಣುವುದಿಲ್ಲ.

ಆ ಹೆಂಚಿಗೂ ಚರ್ಚಿಗೂ ಒಂದು ಹಳೆಯ ನಂಟಿದೆ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಮತಾಂತರವಾದವರು ಜಾತಿಯಿಂದ ಹೊರಬಿದ್ದು ಕಸುಬು ಕಳೆದುಕೊಂಡಾಗ ಅವರ ಹೊಟ್ಟೆಪಾಡಿಗೆ ಮಿಷನ್ ನೇಯ್ಗೆ, ಮುದ್ರಣ, ಹೆಂಚಿನ ಕಾರ್ಖಾನೆ ಎಂದು ಒಂದೊಂದೇ ಉದ್ಯೋಗ ಹುಡುಕಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚು ಸುಡಲು ಶುರು ಮಾಡಿದರು. ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಈ ಚಪ್ಪಟೆ ಹೆಂಚಿನ ಮಾದರಿ ಫ್ರಾನ್ಸಿನ ಅಲ್ಸಾಸ್‌ನ ಗಿಲಾರ್ಡೊನಿ ಸೋದರರದು, ಅದಕ್ಕೆ ಮಣ್ಣು ಸಿಕ್ಕಿದ್ದು ನೇತ್ರಾವತಿಯಲ್ಲಿ. ಕುಂಬಾರರ ಅರೆಗೊಳವೆ ನಾಡಹೆಂಚಿಗೆ ಹೋಲಿಸಿದರೆ ಕಡಿಮೆ ಮರ ಸಾಕು, ಕೋತಿಯ ಕಾಟಕ್ಕೂ ಸ್ವಲ್ಪ ತಡೆಯುತ್ತದೆ. ಮಂಗಳೂರು ಹೆಂಚು ಘಟ್ಟ ಹತ್ತಿ ಬಯಲು ಸೀಮೆಯ ಸೂರುಗಳನ್ನೂ ಹಿಡಿಯಿತು. ಇವತ್ತು ಮಾಗಡಿ ಕಡೆ ಹೆಂಚು ಬದಲಿಸಲು ಏಣಿ ಹತ್ತುವ ಯೌವನಸ್ಥರ ಕೂಟದವರಿಗೆ ತಮ್ಮ ಕೈಯಲ್ಲಿರುವುದು ಒಂದು ಮಿಷನ್ನಿನ ವಸ್ತು ಎಂಬುದು ನೆನಪಿರುತ್ತದೋ ಇಲ್ಲವೋ.

ಊರಿನವರಿಂದ ಕಲಿಯುವ ವಿಷಯಕ್ಕೆ ಲಾರಿ ಬೇಕರ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ ಓದಿದ ಈ ಕ್ವೇಕರ್ ವಾಸ್ತುಶಿಲ್ಪಿ 1945ರಲ್ಲಿ ಭಾರತಕ್ಕೆ ಬಂದದ್ದು ಕುಷ್ಠರೋಗಿಗಳ ಮಿಷನ್ನಿನ ಕೆಲಸಕ್ಕೆ. ಹಳೆಯ ಆಶ್ರಯ ತಾಣಗಳನ್ನು ಆಸ್ಪತ್ರೆಗಳಾಗಿ ಮಾರ್ಪಡಿಸುವುದು ಅವರ ಪಾಲಿಗೆ ಬಂದ ಹೊಣೆ. ಹೊಸದನ್ನು ಕಟ್ಟುವುದಲ್ಲ, ಇದ್ದದ್ದನ್ನು ಸರಿಪಡಿಸುವುದು. ಕಾಲೇಜಿನಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕಿಲ್ಲ ಎಂದು ಅವರಿಗೆ ಬೇಗ ತಿಳಿಯಿತು. ಹಿಮಾಲಯದ ಪಿಥೋರಗಢದಲ್ಲಿ ಹದಿನಾರು ವರ್ಷ ಇದ್ದು, ಹಳ್ಳಿಗರು ಕಲ್ಲು, ಮಣ್ಣು, ಮರಗಳನ್ನು ಬಳಸುವ ರೀತಿ ನೋಡಿ ಕಲಿತರು. ಆಮೇಲೆ ಕೇರಳದಲ್ಲಿ ಅವರು ಕಟ್ಟಿದ ಅಗ್ಗದ, ತಂಪಾದ ಮನೆಗಳಿಗೆ ಆ ಕಲಿಕೆಯೇ ಬುನಾದಿ.   

ಮಣ್ಣಿನ ಮನೆಯ ವಿದ್ಯೆಗೆ ದೂರವೂ ಹೋಗಬೇಕಿಲ್ಲ. ರಾಜಾಜಿನಗರದಿಂದ ಯಶವಂತಪುರದ ಕಡೆ ಹೊರಟರೆ ಸಿಗುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳ ತಂತ್ರಜ್ಞಾನಕ್ಕೆಂದೇ ‘ಅಸ್ತ್ರ’ ಕೇಂದ್ರ ತೆರೆದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕ್ಷೇತ್ರ ಕೇಂದ್ರವಿತ್ತು. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ಅಲ್ಲಿಂದ ಮನೆಮನೆಗೆ ಹೋಯಿತು. ಮಣ್ಣಿಗೆ ಸ್ವಲ್ಪವೇ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ, ಸುಡದೆ ಬಳಸುವ ಗಟ್ಟಿ ಮಣ್ಣಿಟ್ಟಿಗೆಯ ಕುರಿತು ಕೆ.ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಕುಸಿದ ಗೋಡೆಯ ತುಂಡನ್ನು ಮತ್ತೆ ಎಬ್ಬಿಸಬೇಕಾದಾಗ ಈ ಇಟ್ಟಿಗೆ ಹೊಂದುತ್ತದೆ.

ಸರ್ಕಾರ ಮನೆ ಕೊಡುತ್ತದಲ್ಲ, ಈ ತೇಪೆ ಕೆಲಸ ಯಾಕೆ ಎಂದು ಕೇಳಬಹುದು. ಕರ್ನಾಟಕದಲ್ಲಿ ವಸತಿ ಯೋಜನೆಗಳಿಗೆ ಕೊರತೆಯಿಲ್ಲ. ದೇವರಾಜ ಅರಸರ ಕಾಲದ ಜನತಾ ಮನೆ, ಆಮೇಲಿನ ಆಶ್ರಯ, ಇಂದಿರಾ ಆವಾಸ್, ಬಸವ ವಸತಿ, 2016ರಿಂದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ. ಈ ಕೊನೆಯದರಲ್ಲಿ ಬಯಲು ಸೀಮೆಯ ಮನೆಗೆ 1.20 ಲಕ್ಷ ರೂಪಾಯಿ, ಜೊತೆಗೆ ಉದ್ಯೋಗ ಖಾತ್ರಿಯಲ್ಲಿ 90ರಿಂದ 95 ದಿನದ ಕೂಲಿ ಎಂದು ನಿಯಮ ಮಾಡಿದ್ದರು. ಎಲ್ಲದರ ಮುಖ್ಯ ಗುರಿ ಹೊಸ ಮನೆ. ಒಮ್ಮೆ ಕೊಟ್ಟ ಮೇಲೆ ಆ ಕುಟುಂಬ ಪಟ್ಟಿಯಿಂದ ಹೊರಗೆ. ಅರಸರ ಕಾಲದಲ್ಲಿ ಜನತಾ ಮನೆ ಪಡೆದವರ ಮನೆ ಈಗ ಅರ್ಧ ಶತಮಾನ ಹಳೆಯದು. ಲೆಕ್ಕದಲ್ಲಿ ಅವರು ಮನೆ ಇರುವವರು, ಮಳೆಯಲ್ಲಿ ಪಾತ್ರೆ ಇಟ್ಟು ಕೂರುವವರು. 2011ರ ಜನಗಣತಿ ದೇಶದ ಮನೆಗಳನ್ನು ಒಳ್ಳೆಯವು, ವಾಸಯೋಗ್ಯ, ಶಿಥಿಲ ಎಂದು ಮೂರು ಮಾಡಿತು. ಶಿಥಿಲವಾದವು ನೂರಕ್ಕೆ ಸುಮಾರು 5. ನಡುವಿನ ವರ್ಗ ನೂರಕ್ಕೆ 41ಕ್ಕೂ ಹೆಚ್ಚು. ಬಿದ್ದೂ ಇಲ್ಲ, ನೆಟ್ಟಗೂ ಇಲ್ಲ ಎನ್ನುವ ಈ ನಡುವಿನ ಮನೆಗಳಿಗೆ ಬೇಕಾದದ್ದು ನಾಲ್ಕು ಜಂತೆ, ಇನ್ನೂರು ಹೆಂಚು, ಒಂದು ಬಾಗಿಲು.

ದಾನಿಗಳ ಮನಸ್ಸೂ ಸರ್ಕಾರದ ಹಾಗೆಯೇ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡ ಕುಸಿದಾಗ ಎಲ್ಲ ದಿಕ್ಕಿನಿಂದ ನೆರವು ಬಂತು, 2009ರ ಉತ್ತರ ಕರ್ನಾಟಕದ ನೆರೆಯ ನಂತರ ‘ಆಸರೆ’ ಯೋಜನೆಯಲ್ಲಿ ಕಂಪನಿಗಳೂ ಮಠಗಳೂ ಊರಿಗೆ ಊರನ್ನೇ ಕಟ್ಟಿಸಿಕೊಟ್ಟವು. ಉದ್ಘಾಟನೆಗೆ ಟೇಪು, ಗೋಡೆಗೆ ಕಲ್ಲಿನ ಫಲಕ. ಬದಲಿಸಿದ ಜಂತೆಯ ಮೇಲೆ ಯಾರ ಹೆಸರು ಕೆತ್ತಿಸುವುದು? ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿಯಂಥ ಸಂಸ್ಥೆಯ ಪ್ರಖ್ಯಾತಿಯೂ ಹೊಸ ಮನೆಗಳಿಂದಲೇ ಬಂದದ್ದು. 1976ರಲ್ಲಿ ಅಮೆರಿಕದ ಜಾರ್ಜಿಯಾದ ಒಂದು ಕ್ರೈಸ್ತ ಕೃಷಿ ಸಮುದಾಯದ ಒಡನಾಟದಲ್ಲಿ ಮಿಲಾರ್ಡ್ ಮತ್ತು ಲಿಂಡಾ ಫುಲ್ಲರ್ ಕಟ್ಟಿದ ಈ ಸಂಸ್ಥೆ 1983ರಲ್ಲಿ ಖಮ್ಮಂ ಮೂಲಕ ಭಾರತಕ್ಕೆ ಬಂತು. 2006ರಲ್ಲಿ ಆ ದೇಶದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಲೋಣಾವಳಾ ಬಳಿ ಸುತ್ತಿಗೆ ಹಿಡಿದು ಒಂದು ವಾರ ಕೆಲಸ ಮಾಡಿದಾಗ ಬ್ರ್ಯಾಡ್ ಪಿಟ್, ಸ್ಟೀವ್ ವಾ ಕೂಡ ಬಂದಿದ್ದರು. ಹೆಂಚು ಕೈಯಾಡಿಸುವ ಕೆಲಸಕ್ಕೆ ಬ್ರ್ಯಾಡ್ ಪಿಟ್ ಬರುವುದಿಲ್ಲ. ಬರಬೇಕಾದ ಅಗತ್ಯವೂ ಇಲ್ಲ, ಹತ್ತು ಜನರ ಯುವಕ ಸಂಘಕ್ಕೆ ಅಳತೆ ಸರಿಹೋಗುವ ಕೆಲಸ ಅದು.

ಇನ್ನು ತಕರಾರುಗಳ ಮಾತು. ಮೊದಲನೆಯದು ಸಂಶಯದ್ದು. ಚರ್ಚಿನವರು ಬಡವರ ಮನೆ ರಿಪೇರಿ ಮಾಡಿಕೊಟ್ಟರೆ ಹಿಂದೆಯೇ ಮತಾಂತರದ ಪ್ರಶ್ನೆ ಬರುತ್ತದೆ. 2022ರಲ್ಲಿ ಕರ್ನಾಟಕ ತಂದ ಮತಾಂತರ ನಿಷೇಧ ಕಾಯ್ದೆಯಲ್ಲಿ ಉಡುಗೊರೆ, ಹಣ, ಉತ್ತಮ ಜೀವನದ ಭರವಸೆಗಳೆಲ್ಲ ‘ಆಮಿಷ’ದ ವ್ಯಾಖ್ಯೆಯೊಳಗೆ ಬಂದವು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಕಾನೂನು ಏನೇ ಇರಲಿ, ಹಳ್ಳಿಯ ಸಂಶಯಕ್ಕೆ ಉತ್ತರ ಹಳ್ಳಿಯಲ್ಲೇ ಕೊಡಬೇಕಾಗುತ್ತದೆ. ಗ್ರಾಮ ಪಂಚಾಯಿತಿಗೆ ಮೊದಲೇ ತಿಳಿಸುವುದು, ಮನೆಗಳ ಪಟ್ಟಿಯನ್ನು ಆಶಾ ಕಾರ್ಯಕರ್ತೆ, ಅಂಗನವಾಡಿಯವರ ಜೊತೆ ಕೂತು ಮಾಡುವುದು, ಪಟ್ಟಿಯಲ್ಲಿ ಎಲ್ಲ ಜಾತಿ ಮತದ ಮನೆ ಇರುವುದು, ಕೆಲಸದ ಜಾಗದಲ್ಲಿ ಪ್ರಾರ್ಥನೆ, ಕರಪತ್ರ ಯಾವುದೂ ಇಲ್ಲದಿರುವುದು. ಸೆರೆಸೋಲ್ ವರ್ಡನ್ ಬಳಿ ಎಡವಿದ್ದು ಇಲ್ಲೇ. ಅವನ ಉದ್ದೇಶದಲ್ಲಿ ಕುಂದಿರಲಿಲ್ಲ, ಆದರೆ ಊರಿನ ಒಪ್ಪಿಗೆ ಅವನಿಗೆ ಸಿಕ್ಕಿರಲಿಲ್ಲ.

ಎರಡನೆಯ ತಕರಾರು ಹೊಟ್ಟೆಯದು, ಮೊದಲನೆಯದಕ್ಕಿಂತ ನ್ಯಾಯವಾದದ್ದು. ಊರಿನ ಗಾರೆ ಕೆಲಸದವನಿಗೆ ಸಿಗಬೇಕಾದ ಎರಡು ದಿನದ ಕೂಲಿಯನ್ನು ನಗರದ ಹುಡುಗರು ಪುಕ್ಕಟೆ ಮಾಡಿ ತಪ್ಪಿಸಿದರೆ ಅದು ಸೇವೆ ಹೇಗಾಗುತ್ತದೆ? ಕೈಯಲ್ಲಿ ಕರಣೆ ಹಿಡಿದು ಗೊತ್ತಿಲ್ಲದವರು ಹಾಕಿದ ಗಾರೆಯನ್ನು ಆಮೇಲೆ ಅವನೇ ಬಂದು ಕಿತ್ತು ಹಾಕಬೇಕು. ಇದಕ್ಕೆ ಪರಿಹಾರ ಸರಳವಾಗಿದೆ, ಆದರೂ ಎಲ್ಲರೂ ಮಾಡುವುದಿಲ್ಲ. ಊರಿನ ಮೇಸ್ತ್ರಿಯನ್ನೇ ಪೂರ್ತಿ ಕೂಲಿ ಕೊಟ್ಟು ಕರೆಯುವುದು, ಗುಂಪಿನವರು ಅವನ ಕೈಕೆಳಗೆ ಚಿಕ್ಕಾಳುಗಳಾಗಿ ದುಡಿಯುವುದು. ಮಣ್ಣು ಕಲಸುವುದು, ಹೆಂಚು ದಾಟಿಸುವುದು, ನೀರು ಹೊರುವುದು, ಹಳೆಯ ರೀಪಿನ ಮೊಳೆ ಕೀಳುವುದು. ಬಸ್ ಬಾಡಿಗೆ, ಟೀ ಶರ್ಟು, ಬ್ಯಾನರಿಗೆ ಖರ್ಚು ಮಾಡುವ ದುಡ್ಡಿನಲ್ಲಿ ಇಬ್ಬರು ಮೇಸ್ತ್ರಿಗಳ ವಾರದ ಕೂಲಿ ಹುಟ್ಟುತ್ತದೆ ಎಂದು ಲೆಕ್ಕ ಹಾಕಿ ನೋಡಿದ ಗುಂಪು ಬ್ಯಾನರು ಬಿಡುತ್ತದೆ, ಇಲ್ಲವೇ ಲೆಕ್ಕ ಹಾಕುವುದನ್ನು ಬಿಡುತ್ತದೆ.

ಹೀಗೆ ಮಾಡಿದರೆ ಹುಡುಗರಿಗೆ ಸಿಗುವ ಪಾಲೇ ಮನೆಗಿಂತ ದೊಡ್ಡದು ಎನ್ನುವವರಿದ್ದಾರೆ. ಇರಲಿ. ಬೆಲ್ಜಿಯಂನ ಜೋಸೆಫ್ ಕಾರ್ಡೈನ್ ಎಂಬ ಪಾದ್ರಿ 1925ರಲ್ಲಿ ಯುವ ಕಾರ್ಮಿಕರಿಗಾಗಿ ಕಟ್ಟಿದ ಚಳವಳಿಯ ಕ್ರಮ ಕಥೋಲಿಕ ಯುವಕರಿಗೆ ಇಂದಿಗೂ ಬಾಯಿಪಾಠ: ನೋಡು, ವಿವೇಚಿಸು, ಕಾರ್ಯಮಾಡು. ಬಸವೇಶ್ವರನಗರದ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಹುಡುಗಿಗೆ ಒಂಟಿ ಮುದುಕಿಯ ಮನೆಯಲ್ಲಿ ಸ್ವಿಚ್ಚು ಯಾಕೆ ಅಷ್ಟು ಎತ್ತರದಲ್ಲಿದೆ, ಬಚ್ಚಲಿಗೆ ಹಿಡಿದುಕೊಳ್ಳಲು ಒಂದು ಕೋಲೂ ಯಾಕಿಲ್ಲ ಎಂದು ಕಾಣುವುದು ನೋಡುವ ಭಾಗ. ಅದು ಭಾಷಣದಿಂದ ಬರುವುದಿಲ್ಲ.

ಬೇರೆ ಧರ್ಮದ ಸಂಸ್ಥೆಗಳೂ ಇದೇ ದಾರಿಯಲ್ಲಿವೆ. 1982ರಲ್ಲಿ ಶುರುವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ‘ವಾತ್ಸಲ್ಯ’ ಎಂಬ ಹೆಸರಿನಲ್ಲಿ ದಿಕ್ಕಿಲ್ಲದ ವೃದ್ಧರಿಗೆ ಮನೆ ಕಟ್ಟಿಕೊಡುತ್ತದೆ. ಅದರ ‘ಶೌರ್ಯ’ ಘಟಕಗಳ ಸ್ವಯಂಸೇವಕರು ಅದೇ ಊರಿನವರು ಅಥವಾ ಪಕ್ಕದ ಊರಿನವರು. ಅವರ ಬಲ ಇರುವುದೇ ಅಲ್ಲಿ, ಮುಂದಿನ ಮಳೆಗೆ ಸೋರಿದರೆ ಕೂಗಿ ಕರೆಯಬಹುದು. ನಗರದಿಂದ ಹೋಗುವ ಗುಂಪು ಈ ವಿಷಯದಲ್ಲಿ ಹಿಂದೆ. ಭಾನುವಾರ ಸಂಜೆ ಬಸ್ ಹತ್ತಿದರೆ ಮುಗಿಯಿತು.

ಹಾಗಾಗಿ ಸರಿಯಾಗಿ ನಡೆಸುವವರು ದೂರದ ಊರು ಬಿಟ್ಟು ಹತ್ತಿರದ ಒಂದೇ ಊರನ್ನು ಹಿಡಿಯುತ್ತಾರೆ. ಕೆಂಗೇರಿಯವರಿಗೆ ಬಿಡದಿ, ರಾಮನಗರದ ಸುತ್ತ, ರಾಜಾಜಿನಗರದವರಿಗೆ ಮಾಗಡಿ, ಕುಣಿಗಲ್. ವಿಜಯನಗರದಿಂದ ಮೆಟ್ರೊ ಹತ್ತಿದರೆ ಕೆಂಗೇರಿ ದಾಟಿ ಚಲ್ಲಘಟ್ಟದವರೆಗೆ ಹೋಗಬಹುದು, ಅಲ್ಲಿಂದ ಮುಂದೆ ಬಸ್ಸು. ಬೆಳಿಗ್ಗೆ ಹೊರಟು ಸಂಜೆ ಬರುವ ದೂರವಾದರೆ ಆರ್ದ್ರೆ ಮಳೆ ಹುಯ್ದ ಮೇಲೆ ಇಬ್ಬರು ಹೋಗಿ, ಎಲ್ಲಿ ಇನ್ನೂ ತೊಟ್ಟಿಕ್ಕುತ್ತಿದೆ ಎಂದು ನೋಡಿ ಬರಬಹುದು. ಮಳೆ ಬಂದ ಮೇಲೆ ಮಾಡುವ ಈ ಪರೀಕ್ಷೆಯಲ್ಲೇ ಬೇಸಿಗೆಯ ಕೆಲಸದ ಬಂಡವಾಳ ಗೊತ್ತಾಗುವುದು.

ಏಣಿ ಹತ್ತುವ ಮುಂಚೆ ಎರಡು ಎಚ್ಚರ. ಹೆಂಚಿನ ಮೇಲೆ ಕಾಲಿಡುವುದಾದರೆ ಅಡಿಯಲ್ಲಿ ರೀಪು ಹಾದುಹೋಗುವ ಕಡೆಯೇ ಇಡಬೇಕು, ಹೆಂಚಿನ ನಡುಮಧ್ಯೆ ಇಟ್ಟರೆ ಒಡೆಯುತ್ತದೆ. ಕಲ್ನಾರಿನ ಶೀಟಿನ ಮೇಲೆ ಹಲಗೆ ಅಡ್ಡಹಾಕದೆ ಹತ್ತಲೇಬಾರದು. ಹಳೆಯ ಶೀಟು ಸದ್ದಿಲ್ಲದೆ ಬಿರಿದು ಆಳನ್ನು ಕೆಳಕ್ಕೆ ಬಿಡುತ್ತದೆ. ಅದನ್ನು ಕೊಯ್ಯುವುದು, ಕೊರೆಯುವುದು ಬೇಡ, ಅದರ ಧೂಳಿನ ಎಳೆ ಶ್ವಾಸಕೋಶಕ್ಕೆ ಹೋಗಿ ಹತ್ತಾರು ವರ್ಷದ ಮೇಲೆ ಕ್ಯಾನ್ಸರ್ ತರಬಲ್ಲದು. ಹದಿನೆಂಟು ತುಂಬದವರಿಗೆ ನೆಲದ ಮೇಲೆಯೇ ಬೇಕಾದಷ್ಟು ಕೆಲಸವಿದೆ.

ಇನ್ನು ಉಳಿದದ್ದು ಹೆಂಚು ಹುಡುಕುವ ಕೆಲಸ, ಈಗೀಗ ಅದೇ ಎಲ್ಲಕ್ಕಿಂತ ಕಷ್ಟವಾಗುತ್ತಿದೆ. ಕರಾವಳಿಯ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ. ಒಂದು ಕಾರ್ಖಾನೆಯ ಹೆಂಚು ಇನ್ನೊಂದು ಕಾರ್ಖಾನೆಯದರ ಜೊತೆ ಕೊಂಡಿ ಕೂಡುವುದಿಲ್ಲ, ಕೂಡಿದಂತೆ ಕಂಡರೂ ಸಂದಿ ಬಿಡುತ್ತದೆ. ಆದ್ದರಿಂದ ಮನೆ ನೋಡಲು ಹೋದವರು ಒಂದು ಹೆಂಚು ತೆಗೆದು, ಬೆನ್ನಿನಲ್ಲಿ ಅಚ್ಚಾಗಿರುವ ಕಾರ್ಖಾನೆಯ ಹೆಸರು ಬರೆದುಕೊಂಡು, ಆ ಮಾದರಿಯನ್ನೇ ಚೀಲದಲ್ಲಿ ಹಾಕಿಕೊಂಡು ಬರುತ್ತಾರೆ. ಹೊಸದು ಸಿಗದಿದ್ದರೆ ಹಳೆಯದೇ ಗತಿ. ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಹೆಂಚಿನ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುವ ಕಡೆ, ಹಳೆ ಮನೆ ಸಾಮಾನಿನ ಅಂಗಡಿಗಳಲ್ಲಿ, ಚೀಲದಿಂದ ಆ ಹೆಂಚು ತೆಗೆದು ಜೋಡಿಸಿ ನೋಡುತ್ತಾರೆ. ಹೊಂದಿದರೆ ನೂರಿನ್ನೂರು ಎಣಿಸಿ, ಬೆರಳಿನಿಂದ ತಟ್ಟಿ, ಟಣ್ ಎನ್ನದ್ದನ್ನು ಪಕ್ಕಕ್ಕಿಟ್ಟು, ಉಳಿದದ್ದನ್ನು ಹುಲ್ಲು ಹಾಸಿದ ಟೆಂಪೊಗೆ ತುಂಬಿಸುತ್ತಾರೆ.